ಧ್ರುವಪ್ರಭೆಯ ಹಾದಿಯಲ್ಲೊಂದು ನಗರ

ಭೂಮಂಡಲದ ಉತ್ತರ ತುದಿಯ ನಾಡುಗಳಲ್ಲಿ ಚಳಿಗಾಲದ ಇರುಳು ಆಕಾಶದಲ್ಲಿ ಮೂಡುವ ಬೆಳಕಿಗೆ ಧ್ರುವಪ್ರಭೆಯೆಂದು ಹೆಸರು. ತಿಳಿಹಸುರಿನ ತೆರೆಯೊಂದು ದಿಗಂತದಿಂದ ಮೇಲೆದ್ದು, ಗಾಳಿಗೆ ಸಿಕ್ಕ ಸೆರಗಿನಂತೆ ಅಲುಗಿ, ನೆತ್ತಿಯವರೆಗೆ ಹರಡಿ, ನೋಡನೋಡುತ್ತಿದ್ದಂತೆ ಮರೆಯಾಗುತ್ತದೆ. ಇದನ್ನು ಕಣ್ಣಾರೆ ಕಾಣಬೇಕೆಂದು ಹಲವು ದೇಶಗಳ ಜನರು ನಾರ್ವೆ ದೇಶದ ಟ್ರೋಮ್ಸೋ ಪಟ್ಟಣಕ್ಕೆ ಹೋಗುತ್ತಾರೆ. ಅವರಲ್ಲಿ ಅನೇಕರು ರಾಜಧಾನಿಯಾದ ಓಸ್ಲೋದಲ್ಲಿ ವಿಮಾನ ಬದಲಿಸಿ, ನಗರವನ್ನು ಕಣ್ಣೆತ್ತಿಯೂ ನೋಡದೆ ಉತ್ತರಕ್ಕೆ ಧಾವಿಸುವುದುಂಟು. ಆದರೆ ಓಸ್ಲೋದಲ್ಲಿ ಎರಡು ದಿನ ತಂಗಿ ಮುಂದುವರಿಯುವವನ ಯಾತ್ರೆಯೇ ಹೆಚ್ಚು ಸಾರ್ಥಕವಾದುದು. ಅದು ಹೇಗೆಂಬುದನ್ನು ವಿಚಾರಿಸೋಣ.

ಟ್ರೋಮ್ಸೋ ಪಟ್ಟಣವು ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ನವೆಂಬರ್ ತಿಂಗಳ ಕೊನೆಯಿಂದ ಜನವರಿಯ ಮಧ್ಯಭಾಗದವರೆಗೆ ಅಲ್ಲಿ ಸೂರ್ಯೋದಯವೇ ಇಲ್ಲ; ನಡುಹಗಲಿನಲ್ಲಿ ಕೆಲವು ಗಂಟೆಗಳ ಕಾಲ ಮುಸ್ಸಂಜೆಯಂಥ ನೀಲಿ ಬೆಳಕು ಹಬ್ಬಿರುತ್ತದೆ, ಅಷ್ಟೆ. ಆದರೆ ಧ್ರುವಪ್ರಭೆಯನ್ನು ಕಾಣಲು ಕತ್ತಲೆಯೊಂದೇ ಸಾಲದು, ಆಕಾಶವೂ ತಿಳಿಯಾಗಿರಬೇಕು. ಸಮುದ್ರದಿಂದ ಸುತ್ತುವರಿದ ಆ ಪಟ್ಟಣದಲ್ಲಿ ದಿನಗಟ್ಟಲೆ ಮೋಡ ಕವಿಯುವುದು ಅಪರೂಪವಲ್ಲ. ಪ್ರಭೆಯು 100 ಕಿ.ಮೀ.ಗೂ ಮೇಲೆ ನರ್ತಿಸುತ್ತಿದ್ದರೂ, ಮೋಡದ ಕೆಳಗೆ ನಿಂತವನ ಪಾಲಿಗೆ ಅದು ಇಲ್ಲದಂತೆಯೇ ಸರಿ. ಆ ಬೆಳಕೊಂದನ್ನೇ ನಂಬಿ ಬಂದವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಓಸ್ಲೋ ನಗರದಲ್ಲಿ ಅಂಥ ಭಯವಿಲ್ಲ. ಮೊದಲನೆಯದಾಗಿ, ಅದು ಚಳಿಗಾಲದ ಪಾಠಶಾಲೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಇರುವುದು ಸುಮಾರು ಆರು ಗಂಟೆ ಮಾತ್ರ. ನಮ್ಮಂಥ ಬಿಸಿಲ ನಾಡಿನವರು ಒಂದರ ಮೇಲೊಂದು ಉಣ್ಣೆಯ ಉಡುಪು ತೊಡುವುದನ್ನೂ, ಹೆಪ್ಪುಗಟ್ಟಿದ ಬೀದಿಯಲ್ಲಿ ಜಾರದೆ ಹೆಜ್ಜೆಯಿಡುವುದನ್ನೂ ಇಲ್ಲಿ ಕಲಿಯಬಹುದು. ಆ ಊರಿನ ಜನರಿಗೆ ಹಿಮವು ಶತ್ರುವಲ್ಲ. ಅವರು ಜಾರುಬಂಡಿಗಳನ್ನು ಹಿಡಿದು ನಗರದ ರೈಲನ್ನೇರಿ, ಫ್ರೋಗ್ನರ್‌ಸೇಟರೆನ್ ಎಂಬ ಗುಡ್ಡದ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಹಿಮದ ಹಾದಿಯಲ್ಲಿ ಮಕ್ಕಳೊಡನೆ ನಗುತ್ತ ಜಾರಿ ಬರುತ್ತಾರೆ.

ಎರಡನೆಯದಾಗಿ, ಧ್ರುವಪ್ರದೇಶವನ್ನು ಅರಿಯಲು ಮಾನವನು ಪಟ್ಟ ಪಾಡಿಗೆ ಈ ನಗರ ಸಾಕ್ಷಿಯಾಗಿದೆ. ಬಿಗ್ದೋಯ್ ಎಂಬಲ್ಲಿರುವ ವಸ್ತುಸಂಗ್ರಹಾಲಯದಲ್ಲಿ 'ಫ್ರಾಮ್' ಎಂಬ ಹಡಗನ್ನು ಇಡಿಯಾಗಿ ಕಾಪಾಡಿದ್ದಾರೆ. ಆ ಹೆಸರಿನ ಅರ್ಥ 'ಮುಂದಕ್ಕೆ'. ಹಿಮಗಡ್ಡೆಗಳು ಎರಡು ಪಕ್ಕದಿಂದ ಒತ್ತಿದಾಗ ಒಡೆದುಹೋಗದೆ ಮೇಲಕ್ಕೆ ಏಳುವಂತೆ ಅದರ ತಳವನ್ನು ದುಂಡಗೆ ಕಟ್ಟಲಾಗಿತ್ತು. ನಾನ್ಸೆನ್ ಎಂಬ ಸಾಹಸಿಯು 1893ರಲ್ಲಿ ಅದನ್ನು ಬೇಕೆಂದೇ ಹಿಮದಲ್ಲಿ ಸಿಕ್ಕಿಸಿ, ಹಿಮದೊಡನೆ ತೇಲಿಬಿಟ್ಟನು. ಹಡಗು 1896ರಲ್ಲಿ ಸುರಕ್ಷಿತವಾಗಿ ಹಿಂದಿರುಗಿತು. ಆ ದೀರ್ಘರಾತ್ರಿಗಳಲ್ಲಿ ನಾವಿಕರ ತಲೆಯ ಮೇಲೆ ಬೆಳಗಿದ್ದು ಇದೇ ಧ್ರುವಪ್ರಭೆ. ಇಂದು ಪ್ರವಾಸಿಗರು ಆ ಹಡಗಿನೊಳಗೆ ಇಳಿದು, ಅವರು ಮಲಗುತ್ತಿದ್ದ ಇಕ್ಕಟ್ಟಾದ ಕೋಣೆಗಳನ್ನು ನೋಡಬಹುದು.

ಈ ಬೆಳಕಿನ ಮರ್ಮವನ್ನು ಭೇದಿಸಲು ಹೊರಟವನು ಇದೇ ನಗರದಲ್ಲಿ 1867ರಲ್ಲಿ ಜನಿಸಿದ ಕ್ರಿಸ್ಟಿಯಾನ್ ಬಿರ್ಕೆಲಾಂಡ್. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಆತನು ಗಾಳಿ ತೆಗೆದ ಪೆಟ್ಟಿಗೆಯೊಳಗೆ ಪುಟ್ಟ ಕಾಂತಗೋಳವೊಂದನ್ನು ಇಟ್ಟು, ಅದರ ಮೇಲೆ ವಿದ್ಯುತ್ಕಣಗಳನ್ನು ಹರಿಯಿಸಿದನು. ಗೋಳದ ಎರಡು ಧ್ರುವಗಳ ಸುತ್ತ ಬೆಳಕಿನ ಉಂಗುರಗಳು ಮೂಡಿದವು! ಸೂರ್ಯನಿಂದ ಬರುವ ವಿದ್ಯುತ್ಕಣಗಳನ್ನು ಭೂಮಿಯ ಕಾಂತಶಕ್ತಿಯು ಧ್ರುವಗಳತ್ತ ಸೆಳೆಯುತ್ತದೆಂದು ಆತನು ಸಾರಿದನು. ಕಣಗಳು ಮೇಲಿನ ವಾಯುಮಂಡಲದ ಆಮ್ಲಜನಕಕ್ಕೆ ತಾಗಿದಾಗ ಹಸುರು ಮತ್ತು ಕೆಂಪು, ಸಾರಜನಕಕ್ಕೆ ತಾಗಿದಾಗ ನೀಲಿ ಮತ್ತು ನೇರಳೆ ಬಣ್ಣಗಳು ಹುಟ್ಟುತ್ತವೆಂಬುದು ಇಂದು ತಿಳಿದಿದೆ. ಆ ಬೆಳಕಿನ ಉಂಗುರವು ಉತ್ತರ ನಾರ್ವೆಯ ಮೇಲೆ ಹಾದುಹೋಗುವುದರಿಂದಲೇ ಟ್ರೋಮ್ಸೋದಲ್ಲಿ ಪದೇ ಪದೇ ಕಾಣುವ ಪ್ರಭೆ ಓಸ್ಲೋದಲ್ಲಿ ಅಪರೂಪ.

ಈ ಜ್ಞಾನ ಸುಲಭವಾಗಿ ದೊರೆತದ್ದಲ್ಲ. 1899ರ ಚಳಿಗಾಲದಲ್ಲಿ ಬಿರ್ಕೆಲಾಂಡನು ಉತ್ತರದ ಹಾಲ್ಡೆ ಪರ್ವತದ ಮೇಲೆ, ಸುಮಾರು 900 ಮೀಟರ್ ಎತ್ತರದಲ್ಲಿ, ಕಲ್ಲಿನ ವೀಕ್ಷಣಾಲಯದಲ್ಲಿ ಬೀಡುಬಿಟ್ಟನು. ಆ ಯಾತ್ರೆಯಲ್ಲಿ ಅವನ ಸಂಗಡಿಗನೊಬ್ಬನು ಹಿಮಕುಸಿತಕ್ಕೆ ಬಲಿಯಾದನು. ಅದಕ್ಕೂ ಮುಂಚಿನ ಯಾತ್ರೆಯೊಂದರಲ್ಲಿ ಹೆಲಾಂಡ್-ಹಾನ್ಸೆನ್ ಎಂಬ ವೈದ್ಯವಿದ್ಯಾರ್ಥಿಯ ಬೆರಳುಗಳು ಕೊರೆತಕ್ಕೆ ಸಿಕ್ಕಿ ನಷ್ಟವಾದವು. ವೈದ್ಯನಾಗುವ ದಾರಿ ಮುಚ್ಚಿತಾದರೂ ಆತನು ಎದೆಗುಂದಲಿಲ್ಲ; ಮುಂದೆ ಹೆಸರಾಂತ ಸಮುದ್ರವಿಜ್ಞಾನಿಯಾದನು. ಬಿರ್ಕೆಲಾಂಡನ ವಾದವನ್ನು ಆತನ ಜೀವಿತಕಾಲದಲ್ಲಿ ಹಲವು ವಿದ್ವಾಂಸರು ಒಪ್ಪಲಿಲ್ಲ. ಆತನು 1917ರಲ್ಲಿ ತೀರಿಕೊಂಡನು. ಆಕಾಶದಲ್ಲಿ ಆತನು ಊಹಿಸಿದ್ದ ವಿದ್ಯುತ್ಪ್ರವಾಹಗಳು ದಿಟವೆಂಬುದನ್ನು ಕೃತಕ ಉಪಗ್ರಹಗಳು ತೋರಿಸಿಕೊಟ್ಟದ್ದು ಅರ್ಧ ಶತಮಾನ ಕಳೆದ ಮೇಲೆ. 1994ರಲ್ಲಿ ನಾರ್ವೆಯು ತನ್ನ 200 ಕ್ರೋನರ್ ನೋಟಿನ ಮೇಲೆ ಆತನ ಚಿತ್ರವನ್ನು ಮುದ್ರಿಸಿ ಗೌರವಿಸಿತು.

ಓಸ್ಲೋದಿಂದ ಟ್ರೋಮ್ಸೋಗೆ ವಿಮಾನದಲ್ಲಿ ಎರಡು ಗಂಟೆಗಳ ಪಯಣ. ನಗರದಲ್ಲಿ ತಂಗಿ ಬಂದವನು ಉತ್ತರದ ಕತ್ತಲೆಯಲ್ಲಿ ನಿಂತಾಗ, ಆಕಾಶ ತಿಳಿಯಾಗಿದ್ದರೆ ಅವನು ಕಾಣುವುದು ಬರಿಯ ಬಣ್ಣಗಳನ್ನಲ್ಲ. ಆ ಬಣ್ಣಗಳ ಹಿಂದಿನ ಸೂರ್ಯನನ್ನು, ಭೂಮಿಯ ಕಾಂತಶಕ್ತಿಯನ್ನು, ಅವನ್ನರಿಯಲು ಪ್ರಾಣವನ್ನೇ ಪಣವಾಗಿಟ್ಟವರನ್ನು. ಮೋಡ ಕವಿದರೂ ಅವನು ಬರಿಗೈಯವನಲ್ಲ. ಪ್ರಕೃತಿಯು ತನ್ನ ಸೊಬಗನ್ನು ನಾವು ಬಯಸಿದ ದಿನವೇ ತೋರಬೇಕೆಂಬ ನಿಯಮವಿಲ್ಲ. ಅದನ್ನು ಅರಿಯಲು ಸಿದ್ಧರಾಗಿ ಹೋಗುವುದು ಮಾತ್ರ ನಮ್ಮ ಕೈಯಲ್ಲಿದೆ.