ಎಲ್ಲರಿಗೂ ಪಾಳಿ

ನನ್ನ ಹೆಂಡತಿ ತೀರಿಕೊಂಡ ಮೇಲೆ ಮಾತನಾಡಿಸಲು ಬಂದವರೆಲ್ಲ ಅವಳ ಜೊತೆ ಹೋಗಿಬಂದ ಊರುಗಳನ್ನೇ ನೆನೆದರು. ಒಬ್ಬರು ಕೂಡಲಸಂಗಮ ಅಂದರು, ಇನ್ನೊಬ್ಬರು ಉಳವಿ ಅಂದರು, ನನ್ನ ಅಕ್ಕ ಬಾದಾಮಿಯ ಮಾತು ತೆಗೆದು ಅತ್ತಳು. ಧಾರವಾಡದ ನಮ್ಮ ಓಣಿಯಲ್ಲಿ ಅವಳ ಕೈಹಿಡಿದು ಒಂದಾದರೂ ಊರು ನೋಡದ ಹೆಂಗಸರು ಕಡಿಮೆ. ತಿರುಗಾಟವೆಂದರೆ ಅವಳಿಗೆ ಜೀವ, ಮನೆಮಂದಿ ಎಂದರೆ ಇನ್ನೂ ಹೆಚ್ಚಿನ ಜೀವ. ಈ ಎರಡನ್ನೂ ಕೂಡಿಸಿಕೊಂಡು ಬದುಕುವುದು ಹೇಗೆಂದು ನಾನು ಅವಳಿಂದಲೇ ಕಲಿತೆ.

ಅವಳ ಪ್ರವಾಸದ ಲೆಕ್ಕಾಚಾರ ಯಾವಾಗಲೂ ಮನೆಯಲ್ಲಿ ಎಲ್ಲರಿಗಿಂತ ಅಶಕ್ತರಾದವರಿಂದ ಶುರುವಾಗುತ್ತಿತ್ತು. ಆಗ ಅದು ನನ್ನ ಅವ್ವ. ಮೊಣಕಾಲು ನೋವು, ಹೊಲಮನೆ ಬಿಟ್ಟರೆ ಸವದತ್ತಿಯ ಯಲ್ಲಮ್ಮನ ಗುಡ್ಡ ಒಂದನ್ನೇ ಕಂಡ ಜೀವ. ಸುಗ್ಗಿ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಮನೆಯವರು ಮುಂದೂಡುತ್ತಿದ್ದರೆ ಅವಳು, "ಊರು ಎಲ್ಲೂ ಓಡಿ ಹೋಗೂದಿಲ್ಲ ಖರೆ. ಆದ್ರ ಅತ್ತಿಯವರ ಕಾಲು ಇವತ್ತಿನಂಗ ನಾಳೆ ಇರ್ತಾವೇನ್ರಿ?" ಎಂದಳು. ಆ ವಾರವೇ ಬಾದಾಮಿಗೆ ಹೊರಟೆವು.

ಮೊದಲನೆಯ ಗುಹೆಯವರೆಗಿನ ಮೆಟ್ಟಿಲುಗಳನ್ನು ಅವ್ವ ಕೂತು ಎದ್ದು ಹತ್ತಿದಳು. ಅಲ್ಲಿನ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಒಂದೊಂದೇ ಕೈ ಎಣಿಸಿದಳು. ಮೂರನೆಯ ಗುಹೆ ಇನ್ನೂ ಮೇಲಿದೆ. ಕ್ರಿ.ಶ. 578ರ, ಮಂಗಲೇಶನ ಶಾಸನವಿರುವ ಆ ಗುಹೆಯೇ ಬಾದಾಮಿಯ ಗುಹೆಗಳಲ್ಲಿ ದೊಡ್ಡದು. ಅಲ್ಲಿಗೆ ಹೋಗಲು ನನ್ನ ಹೆಂಡತಿ ಪಾಳಿ ಹಚ್ಚಿದಳು. ಮೊದಲು ನಾನು ಮತ್ತು ಮಕ್ಕಳು ಹೋಗಬೇಕು, ಅವಳು ಅವ್ವನ ಹತ್ತಿರ ಕೂರಬೇಕು. ನಾವು ಇಳಿದು ಬಂದ ಮೇಲೆ ಅವಳೂ ಅಕ್ಕನೂ ಹತ್ತಬೇಕು, ಮಗ ಅಜ್ಜಿಯ ಹತ್ತಿರ ಕೂತು ಮೇಲೆ ಕಂಡದ್ದನ್ನೆಲ್ಲ ಹೇಳಬೇಕು. ಆದಿಶೇಷನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ ಎಂದು ಮಗ ಕೈಕಾಲು ಆಡಿಸಿ ತೋರಿಸುತ್ತಿದ್ದರೆ ಅವ್ವ ಕೂತಲ್ಲಿಂದಲೇ ಕೈಮುಗಿದಳು. ಇನ್ನೊಬ್ಬರಿಗೆ ಹೇಳಬೇಕೆಂದಿದ್ದರೆ ಮಕ್ಕಳು ಕಣ್ಣುಬಿಟ್ಟು ನೋಡುತ್ತಾರೆ. ಯಾವ ಶಾಲೆಯ ಪ್ರವಾಸದಲ್ಲೂ ನನ್ನ ಮಗ ಅಷ್ಟು ಚೆನ್ನಾಗಿ ನೋಡಲು ಕಲಿತಿರಲಿಲ್ಲ.

ಮರುದಿನ ಪಟ್ಟದಕಲ್ಲು. ಅದನ್ನೂ ಅವಳು ಯೋಚಿಸಿಯೇ ಇಟ್ಟಿದ್ದಳು. ಅಲ್ಲಿ ಗುಡ್ಡ ಹತ್ತುವ ಕೆಲಸವಿಲ್ಲ. ಮಲಪ್ರಭೆಯ ದಂಡೆಯ ಸಮನೆಲದಲ್ಲಿ ಗುಡಿಗಳಿವೆ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು ಎಂದು ನನ್ನ ಹೆಂಡತಿ ಹೇಳಿದಾಗ ಅವ್ವ, "ಹೆಣ್ಣಮಕ್ಕಳು ಕಟ್ಟಿಸ್ಯಾರ ಅಂದ ಮ್ಯಾಲ ಪೂರ್ತಿ ನೋಡೇ ಹೋಗೂಣವಾ" ಎಂದು ಕೋಲೂರಿ ಎರಡನ್ನೂ ಸುತ್ತಿದಳು.

ಬುತ್ತಿಯ ವಿಷಯದಲ್ಲೂ ಅವಳದು ಒಂದು ನೇಮ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮೊದಲ ಹೊತ್ತಿಗೆ ಮಾತ್ರ. ಆಮೇಲೆ ಖಾನಾವಳಿ, ಇಲ್ಲವೇ ಮಠದ ದಾಸೋಹ. ಊರು ಬದಲಾದರೂ ಹೆಂಗಸರಿಗೆ ಬಡಿಸುವುದು, ತೊಳೆಯುವುದು ತಪ್ಪದಿದ್ದರೆ ಅದು ಗಂಡಸರ ಪ್ರವಾಸ ಮಾತ್ರ ಎನ್ನುತ್ತಿದ್ದಳು. ಅದೇ ಪ್ರವಾಸದಲ್ಲಿ ಬನಶಂಕರಿ ಗುಡಿಯ ಮುಂದೆ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ಜೋಳದ ರೊಟ್ಟಿ, ಪಲ್ಯ, ಪುಟ್ಟ ಗಡಿಗೆಯ ಗಟ್ಟಿ ಮೊಸರನ್ನು ಮರದ ನೆರಳಲ್ಲಿ ಕೂತು ಉಂಡೆವು. ಸೊಸೆಯೊಬ್ಬಳು ಮನೆಯವರೆಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಅವ್ವ ಮೊದಲ ಸಲ ನೋಡಿದ್ದು ಅಲ್ಲಿಯೇ. ಊರಿಗೆ ಬಂದ ಮೇಲೆ ಮನೆಯಲ್ಲೂ ಅದನ್ನೇ ಮಾಡಿಸಿದಳು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಹಣದ ಚಿಂತೆ ತಪ್ಪಿದಾಗ ಅವಳ ಉತ್ಸಾಹ ಹೇಳತೀರದು. ಗಂಡನನ್ನು ಕಳೆದುಕೊಂಡ ನನ್ನ ಅಕ್ಕ, ಎದುರುಮನೆಯ ಮುದುಕಿ, ರೊಟ್ಟಿ ಮಾಡಿ ಮಾರುವ ಇಬ್ಬರು ಅವಳ ಜೊತೆಗಾರರು. "ಯಾರೂ ಕರಿಯೂದಿಲ್ಲ ಅಂತ ಕುಂತವ್ರನ್ನ ಮೊದಲು ಕರೀಬೇಕು" ಎನ್ನುತ್ತಿದ್ದಳು.

ಕಾಯಿಲೆಯಿಂದ ಅವಳೇ ಹಾಸಿಗೆ ಹಿಡಿದಾಗ ಮಕ್ಕಳು ಬಾದಾಮಿಯ ಪಾಳಿಯನ್ನೇ ಹಚ್ಚಿದರು. ಒಬ್ಬರು ಅಮ್ಮನ ಹತ್ತಿರ, ಉಳಿದವರು ಕೆಲಸಕ್ಕೆ; ಸಂಜೆ ಬಂದವರು ಹೊರಗೆ ಕಂಡದ್ದನ್ನು ಅಮ್ಮನಿಗೆ ಹೇಳಬೇಕು. ಕೊಂಚ ಚೇತರಿಸಿಕೊಂಡ ದಿನ ಸಾಧನಕೇರಿ ಕೆರೆಯ ದಂಡೆಗೆ ಕರೆದೊಯ್ಯುತ್ತಿದ್ದರು. ಯಾರೊಬ್ಬರೂ ಬೇಸರಪಡಲಿಲ್ಲ, ದಣಿದು ಬೀಳಲಿಲ್ಲ. ಮನೆಮಂದಿಯನ್ನು ನೋಡಿಕೊಳ್ಳುವ ರೀತಿಯನ್ನು ಅವಳು ಮಕ್ಕಳಿಗೆ ಕಲಿಸಿದ್ದು ದಾರಿಯಲ್ಲಿ.

ಈಗ ನಮ್ಮ ಮನೆಯ ಪ್ರವಾಸದಲ್ಲಿ ಊರು ಆರಿಸುವುದು ಸೊಸೆ. ಕಿಟಕಿಯ ಸೀಟು ಅಕ್ಕನದು. ಮೊಮ್ಮಗಳ ಹತ್ತಿರ ಕೂರುವ ಪಾಳಿಯಲ್ಲಿ ನನ್ನ ಹೆಸರೂ ಇದೆ.

ಓದುವವರಲ್ಲಿ ನನ್ನದೊಂದು ಕೋರಿಕೆ. ಎಲ್ಲರನ್ನೂ ಕಳಿಸಿ ತಾವು ಮನೆ ಕಾಯುವವರು ನಿಮ್ಮಲ್ಲಿ ಯಾರಿದ್ದಾರೆಂದು ನೋಡಿ. ಅವರಿಗೆ ಯಾವ ಊರು ನೋಡುವ ಆಸೆ ಎಂದು ಕೇಳಿ. ಮುಂದಿನ ಸಲ ಆ ಊರಿಗೇ, ಅವರ ನಡಿಗೆಗೆ ತಕ್ಕಂತೆ, ಎಲ್ಲರೂ ಕೂಡಿ ಹೋಗಿ ಬನ್ನಿ.