ಸಂಬಳದ ಚೀಟಿ ಪಕ್ಕದಲ್ಲಿಟ್ಟುಕೊಂಡು ಓದಿ

ಆಫೀಸಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ದುಡ್ಡು, ಕೆರಿಯರ್ ಬಗ್ಗೆ ಯಾವ ಪುಸ್ತಕ ಓದಲಿ ಎಂದು ನನ್ನನ್ನು ಕೇಳುವುದುಂಟು. ಅವರು ನೋಡಿರುವುದು ನನ್ನ ಪುಸ್ತಕದ ಕಪಾಟು ಮಾತ್ರ, ಪಾಸ್‌ಬುಕ್ ಅಲ್ಲ, ಪುಣ್ಯಕ್ಕೆ.

1. ಪುಸ್ತಕ ಯಾವ ದೇಶದ್ದೆಂದು ಮೊದಲು ನೋಡಿ

ರಾಬರ್ಟ್ ಕಿಯೋಸಾಕಿಯ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ (1997) ಓದಿದ ಹುರುಪಿನಲ್ಲಿ, ಸಂಬಳಕ್ಕೆ ದುಡಿಯುವವರೆಲ್ಲ ದಡ್ಡರು ಅಂತ ಮನೆಯಲ್ಲಿ ಭಾಷಣ ಬಿಗಿದೆ. ನಿವೃತ್ತ ಮೇಷ್ಟ್ರಾದ ಅಪ್ಪ ಪೇಪರಿನಿಂದ ತಲೆ ಎತ್ತದೆ, “ನಿನ್ನ ಪಿಎಫ್ ಎಷ್ಟಾಗಿದೆಯಪ್ಪಾ?” ಅಂದರು. ಎಷ್ಟೂ ಆಗಿರಲಿಲ್ಲ. ಮೊದಲ ಕಂಪನಿ ಬಿಟ್ಟಾಗಲೇ ಅಷ್ಟನ್ನೂ ತೆಗೆದು ಬೈಕ್ ಕೊಂಡಿದ್ದೆ. ಸೇವೆ 5 ವರ್ಷ ತುಂಬುವ ಮೊದಲು ಹಾಗೆ ತೆಗೆದರೆ ತೆರಿಗೆ ಬೀಳುತ್ತದೆಂದು ಆಮೇಲೆ ತಿಳಿಯಿತು. ಮೂಲವೇತನದ ಶೇ 12ರಷ್ಟು ನಾವು ಕಟ್ಟಿದರೆ ಕಂಪನಿಯೂ ಅಷ್ಟೇ ಹಾಕುತ್ತದೆ, ಅದರಲ್ಲೊಂದು ಪಾಲು ಪಿಂಚಣಿಗೆ ಹೋಗುತ್ತದೆ ಅನ್ನುವುದನ್ನೆಲ್ಲ ಅಮೆರಿಕದ ಪುಸ್ತಕ ಯಾಕೆ ಹೇಳೀತು? ಸಂಬಳದ ಚೀಟಿ ಹಿಡಿದು ಅಕೌಂಟ್ಸ್‌ನವರನ್ನು ಕೇಳಿದ್ದರೆ ಕಾಫಿ ಆರುವುದರೊಳಗೆ ಹೇಳಿಬಿಡುತ್ತಿದ್ದರು.

2. ಸಾಲ ಮಾಡಿ ಪುಸ್ತಕ ಕೊಳ್ಳಬೇಡಿ

ಗಳಿಕೆಯ ಹತ್ತರಲ್ಲೊಂದು ಪಾಲು ಮೊದಲೇ ಎತ್ತಿಡಿ ಅನ್ನುತ್ತದೆ ಜಾರ್ಜ್ ಕ್ಲೇಸನ್‌ನ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್’ (1926). ಆ ಪುಸ್ತಕವನ್ನು ನಾನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು, ಬಿಲ್ಲಿಗೆ ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತಿದ್ದೆ. ತಿಂಗಳಿಗೆ ಶೇ 3.5 ಅಂದರೆ ವರ್ಷಕ್ಕೆ ಶೇ 42 ಬಡ್ಡಿ.

3. ಸಹಿ ಹಾಕಿದ ಕಾಗದ ಓದಿ

ಮಾರ್ಚ್ ಕೊನೆಯ ವಾರ ಪರಿಚಯದ ಏಜೆಂಟರೊಬ್ಬರು ಮನೆಗೆ ಬಂದರು. ತೆರಿಗೆ ಉಳಿಯುತ್ತೆ, ಕೊನೆಗೆ ಗಂಟೂ ಬರುತ್ತೆ ಅಂದರು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿಕೊಟ್ಟೆ. ಮೋನಿಕಾ ಹಾಲನ್ ಅವರ ‘ಲೆಟ್ಸ್ ಟಾಕ್ ಮನಿ’ (2018) ಓದಿದ ಮೇಲೇ ಬೀರುವಿನಿಂದ ಆ ಬಾಂಡ್ ಹೊರಬಂದದ್ದು. ವರ್ಷಕ್ಕೆ 30,000 ರೂಪಾಯಿಯಂತೆ 20 ವರ್ಷ, ಒಟ್ಟು 6 ಲಕ್ಷ ಕಟ್ಟಬೇಕು. ನಡುವೆ ನಾನು ತೀರಿಕೊಂಡರೆ ಮನೆಯವರಿಗೆ ಸಿಗುವುದೂ 6 ಲಕ್ಷ, ಮೇಲೊಂದಿಷ್ಟು ಬೋನಸ್ಸು. ಅದು ನನ್ನ ಒಂದು ವರ್ಷದ ಸಂಬಳಕ್ಕೂ ಸಮವಾಗುತ್ತಿರಲಿಲ್ಲ. ಬರೀ ಟರ್ಮ್ ವಿಮೆಯಾಗಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ ಕಂತಿಗೆ 50 ಲಕ್ಷದ ರಕ್ಷಣೆ ಸಿಗುತ್ತಿತ್ತು. ನಿಲ್ಲಿಸೋಣವೆಂದು ಸರೆಂಡರ್ ಮೌಲ್ಯದ ಕೋಷ್ಟಕ ನೋಡಿದೆ. ಎದೆ ಧಸಕ್ಕೆಂದಿತು. ಈಗ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ವಾಪಸ್ ಮಾಡಲು ಅವಕಾಶವಿದೆ. ಆ ನಿಯಮ ಬಾಂಡಿನಲ್ಲೇ ಅಚ್ಚಾಗಿರುತ್ತದೆ. ಏಜೆಂಟರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ಅವರು ಮಾಡಿದರು, ಓದುವ ಕೆಲಸ ನನ್ನದಾಗಿತ್ತು.

4. ದಪ್ಪ ಪುಸ್ತಕ ಪೂರ್ತಿ ಓದಲೇಬೇಕೆಂದೇನಿಲ್ಲ

ಬೆಂಜಮಿನ್ ಗ್ರಹಾಂನ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ (1949) ನನ್ನ ನಿದ್ದೆಗೆ ಬಹಳ ಉಪಕಾರ ಮಾಡಿದೆ. ಪೇಟೆಯ ಏರಿಳಿತದ ಬಗೆಗಿನ 8ನೇ ಅಧ್ಯಾಯ, ಸುರಕ್ಷತೆಯ ಅಂತರದ ಬಗೆಗಿನ 20ನೇ ಅಧ್ಯಾಯ ಓದಿದರೂ ಸಾಕು. 2020ರ ಮಾರ್ಚಿನಲ್ಲಿ ಹೆದರಿ ಫಂಡ್ ಮಾರಿದಾಗ ನಾನು ಅವೆರಡನ್ನೂ ಓದಿರಲಿಲ್ಲ.

5. ಕೆಲಸ ಮಾಡಿದವರು ಬರೆದದ್ದನ್ನು ಓದಿ

ನೆಪೋಲಿಯನ್ ಹಿಲ್‌ನ ‘ಥಿಂಕ್ ಅಂಡ್ ಗ್ರೋ ರಿಚ್’ (1937) ಓದಿ, ಬೇಕಾದ ಸಂಬಳವನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದ್ದೆ. ಅಪ್ರೈಸಲ್ ದಿನ ಮ್ಯಾನೇಜರ್, “ಈ ವರ್ಷ ಏನೇನು ಮಾಡಿದ್ರಿ?” ಅಂದಾಗ ತಬ್ಬಿಬ್ಬಾದೆ. ಆಮೇಲೆ ಕೈಗೆ ಬಂದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ‘ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ (1951). ಅದರಲ್ಲಿ ಬರುವುದು ಸಕ್ಕರ್ ಊರಿನ ನೀರು ಸರಬರಾಜು, ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳು, 1908ರ ಮೂಸಿ ಪ್ರವಾಹದ ಮೇಲೆ ಹೈದರಾಬಾದಿನಲ್ಲಿ ಮಾಡಿದ ಕೆಲಸ. ಕನಸು ಕಾಣಿ ಅನ್ನುವ ಉಪದೇಶಕ್ಕೆ ಅವರಿಗೆ ಪುರುಸೊತ್ತಿದ್ದಂತಿಲ್ಲ. ಅದನ್ನು ಓದಿದ ಮೇಲೆ ತಿಂಗಳ ಕೊನೆಗೆ ನಾನು ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಕೆಲವು ತಿಂಗಳು ಅರ್ಧ ಪುಟವೂ ತುಂಬುತ್ತಿರಲಿಲ್ಲ. ಮುಂದಿನ ಅಪ್ರೈಸಲ್‌ನಲ್ಲಿ ಕೇಳಿದಷ್ಟು ಸಂಬಳವೇನೂ ಏರಲಿಲ್ಲ, ಹೇಳುವುದಕ್ಕೆ ಮಾತಂತೂ ಇತ್ತು.

ಆ ಪುಸ್ತಕದ ಇಂಗ್ಲಿಷ್ ಸರಳವಾಗಿದೆ, ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ನನ್ನ ಪ್ರತಿಯನ್ನು ಯಾರೋ ಒಯ್ದಿದ್ದಾರೆ. ಒಯ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ವಾಪಸ್ ತಂದುಕೊಡಿ.