ಸೂಪರ್‌ಚಾರ್ಜರ್ ಕಾರನ್ನು ಆಫ್ ಮಾಡುವ ಮೊದಲು ಕಾಯಬೇಕೆ?

ಪ್ರಶ್ನೆ: ಹಳೆಯ ಮರ್ಸಿಡಿಸ್ ಸಿ 200 ಕಾಂಪ್ರೆಸರ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಅದರಲ್ಲಿ ಸೂಪರ್‌ಚಾರ್ಜರ್ ಇದೆ. ಓಡಿಸಿ ಬಂದ ಕೂಡಲೇ ಆಫ್ ಮಾಡಬೇಡಿ, ಎರಡು ನಿಮಿಷ ಐಡಲ್‌ನಲ್ಲಿ ಬಿಡಿ, ಇಲ್ಲದಿದ್ದರೆ ಚಾರ್ಜರ್ ಕೆಟ್ಟುಹೋಗುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ನಿಜವೇ?

ಉತ್ತರ: ಸೂಪರ್‌ಚಾರ್ಜರ್‌ಗಾಗಿ ಕಾಯಬೇಕಾಗಿಲ್ಲ. ಊರೊಳಗೆ ಸಾಧಾರಣ ವೇಗದಲ್ಲಿ ಓಡಿಸಿ ಬಂದಿದ್ದರೆ ಗಾಡಿ ನಿಲ್ಲಿಸಿ, ಧೈರ್ಯವಾಗಿ ಕೀ ತಿರುಗಿಸಿ. ಗ್ಯಾರೇಜಿನವರು ಹೇಳಿದ್ದು ಟರ್ಬೋ ಕಾರಿನ ನಿಯಮ. ಟರ್ಬೋ ಮತ್ತು ಸೂಪರ್‌ಚಾರ್ಜರ್ ಎರಡೂ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತವೆ. ಹಾಗಾಗಿ ಒಂದರ ನಿಯಮ ಇನ್ನೊಂದಕ್ಕೂ ಅಂಟಿಕೊಂಡಿದೆ. ಬಿಸಿ ಎಲ್ಲಿಂದ ಬರುತ್ತದೆ, ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡರೆ ಎರಡರ ನಡುವಿನ ಅಂತರ ತಿಳಿಯುತ್ತದೆ.

ಮೊದಲು ಟರ್ಬೋ ನೋಡೋಣ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸವೇ ಅದನ್ನು ತಿರುಗಿಸುವುದು. ಪೆಟ್ರೋಲ್ ಎಂಜಿನ್ನನ್ನು ಬಿರುಸಾಗಿ ಓಡಿಸುವಾಗ ಆ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಟರ್ಬೈನಿನ ಕವಚ ಕೆಂಪಗೆ ಕಾಯುವುದೂ ಉಂಟು. ಅಲ್ಲಿಂದ ಕೆಲವೇ ಸೆಂಟಿಮೀಟರ್ ಆಚೆ ಒಂದು ಸಣ್ಣ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಬೇರಿಂಗಿನೊಳಗೆ ಆ ಶಾಫ್ಟ್ ತೇಲುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಕೀ ತಿರುಗಿಸಿದೊಡನೆ ಆಯಿಲ್ ಪಂಪ್ ನಿಲ್ಲುತ್ತದೆ, ಆದರೆ ಶಾಫ್ಟ್ ತನ್ನ ವೇಗದಲ್ಲೇ ಇನ್ನಷ್ಟು ಹೊತ್ತು ತಿರುಗುತ್ತದೆ. ಕವಚದ ಬಿಸಿ ಒಳಗಿನ ಬೇರಿಂಗಿಗೆ ಇಳಿಯುತ್ತದೆ. ಹರಿಯದೆ ನಿಂತ ಎಣ್ಣೆ ಉರಿಯುವ ಒಲೆಯ ಮೇಲೆ ಮರೆತ ಬಾಣಲೆಯ ತಳದ ಎಣ್ಣೆಯಂತೆ ಕರಿ ಕಟ್ಟುತ್ತದೆ. ಆ ಕರಿ ಬೇರಿಂಗನ್ನು ಸವೆಸುತ್ತದೆ, ಸಣ್ಣ ಆಯಿಲ್ ಪೈಪನ್ನು ಮುಚ್ಚಿಹಾಕುತ್ತದೆ.

ಈ ಕಾಟ ತಯಾರಕರಿಗೆ ಗೊತ್ತಿಲ್ಲದ್ದಲ್ಲ. 1975ರ ಪೋರ್ಷೆ 911 ಟರ್ಬೋ, 1978ರ ಸಾಬ್ 99 ಟರ್ಬೋ ಬಂದ ಕಾಲದಲ್ಲಿ ಬೇರಿಂಗಿಗೆ ತಂಪು ಸಿಗುತ್ತಿದ್ದುದು ಬಹುಮಟ್ಟಿಗೆ ಎಣ್ಣೆಯಿಂದಲೇ. ಎಣ್ಣೆಯೂ ಹೆಚ್ಚಾಗಿ ಮಿನರಲ್ ಆಯಿಲ್. ಒಂದೆರಡು ನಿಮಿಷ ಕಾಯುವ ಅಭ್ಯಾಸ ಬೆಳೆದದ್ದು ಅಂಥ ಕಾರುಗಳಿಂದ. ಕೀ ತೆಗೆದ ಮೇಲೂ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸುವ ಟರ್ಬೋ ಟೈಮರ್ ಎಂಬ ಸಾಧನವೂ ಆಮೇಲೆ ಮಾರುಕಟ್ಟೆಗೆ ಬಂತು. ಇಂದಿನ ಬಹುತೇಕ ಪೆಟ್ರೋಲ್ ಟರ್ಬೋಗಳ ಬೇರಿಂಗಿನ ಸುತ್ತ ಕೂಲೆಂಟ್ ಹರಿಯುತ್ತದೆ, ಸಿಂಥೆಟಿಕ್ ಆಯಿಲ್ ಹೆಚ್ಚು ಬಿಸಿ ತಾಳುತ್ತದೆ, ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಪುಟ್ಟ ಎಲೆಕ್ಟ್ರಿಕ್ ಪಂಪೊಂದು ನೀರು ಸುತ್ತಿಸುತ್ತಿರುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಟರ್ಬೋ ಕಾರುಗಳು ಬಾಳುತ್ತಿರುವುದು ಇದರಿಂದಲೇ.

ಇನ್ನು ನಿಮ್ಮ ಕಾರಿಗೆ ಬರೋಣ. ಸೂಪರ್‌ಚಾರ್ಜರ್‌ಗೂ ಆ ಬೆಂಕಿಯಂಥ ಹೊಗೆಗೂ ಸಂಬಂಧವೇ ಇಲ್ಲ. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ನಿಂದ ಬರುವ ಬೆಲ್ಟ್ ಅದನ್ನು ತಿರುಗಿಸುತ್ತದೆ. ಎಂಜಿನ್ ನಿಂತರೆ ಬೆಲ್ಟ್ ನಿಲ್ಲುತ್ತದೆ, ಬೆಲ್ಟ್ ನಿಂತರೆ ರೋಟರ್ ನಿಲ್ಲುತ್ತದೆ. ಎಣ್ಣೆಯಿಲ್ಲದೆ ತಾನೊಂದೇ ತಿರುಗುತ್ತಾ ಉಳಿಯುವ ಪ್ರಸಂಗವೇ ಬರುವುದಿಲ್ಲ. ಗಾಳಿಯನ್ನು ಒತ್ತುವುದರಿಂದ ಬಿಸಿಯಾಗುತ್ತದೆ, ಅದು ಖರೆ. 30 ಡಿಗ್ರಿಯ ಗಾಳಿಯ ಒತ್ತಡ 0.6 ಬಾರ್‌ನಷ್ಟು ಏರಿದರೆ ಅದು ಹೊರಬರುವಾಗ ಸುಮಾರು 100 ಡಿಗ್ರಿ ಆಗಿರುತ್ತದೆ. 900 ಎಲ್ಲಿ, 100 ಎಲ್ಲಿ! 100 ಡಿಗ್ರಿಗೆ ಯಾವ ಎಣ್ಣೆಯೂ ಕರಿ ಕಟ್ಟುವುದಿಲ್ಲ. ಮೇಲಾಗಿ ನಿಮ್ಮ ಕಾರಿನಲ್ಲಿರುವಂಥ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್‌ಗಳಲ್ಲಿ ಗೇರಿಗೆ ಬೇಕಾದ ಎಣ್ಣೆ ಅದರ ಹೊಟ್ಟೆಯೊಳಗೇ ತುಂಬಿರುತ್ತದೆ. ಎಂಜಿನ್ ಆಯಿಲನ್ನು ಅದು ಕೇಳುವುದಿಲ್ಲ. ಕೆಲವು ಸೆಂಟ್ರಿಫ್ಯೂಗಲ್ ಮಾದರಿಗಳು ಎಂಜಿನ್ ಆಯಿಲನ್ನೇ ಬಳಸುತ್ತವೆ, ನಿಜ. ಆದರೆ ಅವೂ ಬೆಲ್ಟಿನ ಜೊತೆಗೇ ನಿಲ್ಲುತ್ತವೆ.

ಹಾಗಾದರೆ ಕಾಯುವುದೇ ಬೇಡವೇ? ಚಾರ್ಜರ್ ಬದಿಗಿಡಿ, ಎಂಜಿನ್ನಿನ ಬಗ್ಗೆ ಯೋಚಿಸಿ. ಬೇಸಿಗೆಯ ಮಧ್ಯಾಹ್ನ, ಏಸಿ ಹಾಕಿಕೊಂಡು, ತುಂಬಿದ ಕಾರಿನಲ್ಲಿ ಶಿರಾಡಿ ಘಾಟಿ ಹತ್ತಿ, ಮೇಲೆ ಬಂದೊಡನೆ ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಆಫ್ ಮಾಡಿದರೆ ಕೂಲೆಂಟ್ ಹರಿವು ಒಮ್ಮೆಲೇ ನಿಲ್ಲುತ್ತದೆ. ಸಿಲಿಂಡರ್ ಹೆಡ್ಡಿನಲ್ಲಿ ಕೂತ ಬಿಸಿ ಹೋಗಲು ದಾರಿಯಿಲ್ಲದೆ ಸ್ವಲ್ಪ ಹೊತ್ತು ಏರುತ್ತದೆ. ಇದು ಯಾವ ಎಂಜಿನ್ನಿಗೂ ಒಳ್ಳೆಯದಲ್ಲ, ಚಾರ್ಜರ್ ಇರಲಿ ಬಿಡಲಿ. ಅಂಥ ಹೊತ್ತಿನಲ್ಲಿ ಅರ್ಧ ನಿಮಿಷ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಅದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ ಕೊನೆಯ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ಹಗುರ ಮಾಡಿ ಬರುವುದು. ಆಗ ರೇಡಿಯೇಟರಿಗೆ ಎದುರುಗಾಳಿ ಸಿಗುತ್ತದೆ, ನೀರು, ಎಣ್ಣೆ ಎರಡೂ ಚೆನ್ನಾಗಿ ಸುತ್ತುತ್ತವೆ. ನಿಂತಲ್ಲೇ ಉರಿಸುವುದಕ್ಕಿಂತ ಬೇಗ ತಣಿಯುತ್ತದೆ. ಊರ ಹೊರಗಿನಿಂದ ಮನೆಯವರೆಗೆ ಗಲ್ಲಿ ಸುತ್ತಿ ನಿಧಾನ ಬರುವವರಿಗೆ ಈ ಕೆಲಸ ತಾನಾಗಿಯೇ ಆಗಿಹೋಗಿರುತ್ತದೆ. ನಿಲ್ಲಿಸಿದ ಮೇಲೆ ಫ್ಯಾನ್ ಸದ್ದು ಕೇಳುತ್ತಿದ್ದರೆ ಗಾಬರಿ ಬೇಡ. ಅದು ತನ್ನ ಕೆಲಸ ಮುಗಿಸಿ ನಿಲ್ಲುತ್ತದೆ.

ಒಂದು ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿ. ಆಫ್ ಮಾಡುವ ಮುಂಚೆ ಒಮ್ಮೆ ಜೋರಾಗಿ ರೇಸ್ ಕೊಡುವುದು ನಮ್ಮಲ್ಲಿ ಬಹಳ ಚಾಲಕರ ರೂಢಿ. ಇದರಿಂದ ಯಾವ ಕಾರಿಗೂ ಲಾಭವಿಲ್ಲ. ಟರ್ಬೋ ಇದ್ದರಂತೂ ಶಾಫ್ಟನ್ನು ವೇಗಕ್ಕೆ ತಂದು ಅದೇ ಕ್ಷಣ ಎಣ್ಣೆ ಕಿತ್ತುಕೊಂಡಂತೆ.

ನಿಮ್ಮ ಕಾರಿನ ಹಿಂಬದಿಯ ಅಕ್ಷರಗಳನ್ನೂ ಒಮ್ಮೆ ನೋಡಿಕೊಳ್ಳಿ. ಸಿ 200 ಕಾಂಪ್ರೆಸರ್‌ಗೆ ಹಾಕಿದ್ದ 1.8 ಲೀಟರಿನ ಎಂ271 ಎಂಜಿನ್ನಿನಲ್ಲಿ ಮರ್ಸಿಡಿಸ್ ಮುಂದೆ ಸೂಪರ್‌ಚಾರ್ಜರ್ ತೆಗೆದು ಟರ್ಬೋ ಕೂರಿಸಿತು. ಸಿ 200 ಸಿಜಿಐ ಎಂದು ಬರೆದಿದ್ದರೆ ಅದು ಟರ್ಬೋ ಕಾರಿರಬಹುದು, ಹಾಗಿದ್ದರೆ ಗ್ಯಾರೇಜಿನವರ ಮಾತು ಅದಕ್ಕೆ ಒಪ್ಪುತ್ತದೆ. ಮೊದಲ ವರ್ಷಗಳ ವೋಲ್ವೋ ಎಕ್ಸ್‌ಸಿ90 ಟಿ8ರಂತೆ ಎರಡನ್ನೂ ಹೊತ್ತ ಕಾರುಗಳೂ ಇವೆ. ಅವುಗಳಿಗೂ ಟರ್ಬೋ ನಿಯಮವೇ.

ಕಾಯುವ ಆ ಎರಡು ನಿಮಿಷದ ಕಾಳಜಿಯನ್ನು ಸೂಪರ್‌ಚಾರ್ಜರ್ ನಿಜಕ್ಕೂ ಕೇಳುವ ಕಡೆ ಕೊಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಳೆಯಬೇಡಿ, ಎಣ್ಣೆ ಬೆಚ್ಚಗಾಗುವವರೆಗೆ ಹದವಾಗಿ ಓಡಿಸಿ. ಬೆಲ್ಟ್ ಬಿರಿದಿದೆಯೇ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸಡಿಲವಾಗಿದೆಯೇ ನೋಡಿಸಿ. ಚಾರ್ಜರ್‌ನೊಳಗಿನ ಎಣ್ಣೆ ಜೀವಮಾನಕ್ಕೆ ಸಾಕು ಎಂದು ಹೇಳಿ ಕೈಬಿಟ್ಟ ಕಾರುಗಳೇ ಹೆಚ್ಚು. ಆದರೆ ಸೀಲ್ ಹಳತಾದಂತೆ ಎಣ್ಣೆ ಜಿನುಗುತ್ತದೆ, ಒಳಗೆ ಎಷ್ಟು ಉಳಿದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. 2006ರವರೆಗೆ ತಯಾರಾದ ಹಳೆಯ ಮಿನಿ ಕೂಪರ್ ಎಸ್‌ನಲ್ಲಿ ಇದರ ಪರಿಣಾಮ ಇನ್ನೂ ಕೆಟ್ಟದ್ದು: ಅದರ ವಾಟರ್ ಪಂಪನ್ನು ತಿರುಗಿಸುವುದು ಸೂಪರ್‌ಚಾರ್ಜರ್‌ನ ಹಿಂಬದಿಯ ಗೇರು. ಎಣ್ಣೆ ಬತ್ತಿ ಆ ಗೇರು ಸವೆದರೆ ನೀರು ಸುತ್ತುವುದೇ ನಿಂತು ಎಂಜಿನ್ ಕಾಯತೊಡಗುತ್ತದೆ. ನಿಮ್ಮ ಕಾರು ಐಡಲ್‌ನಲ್ಲಿರುವಾಗ ಬಾನೆಟ್ ಎತ್ತಿ ಚಾರ್ಜರ್ ಕಡೆ ಕಿವಿಗೊಡಿ. ಗಲಗಲ ಸದ್ದು ಬರುತ್ತಿದ್ದರೆ, ಅಥವಾ ವೇಗ ಏರಿದಂತೆ ಕೀರಲು ಧ್ವನಿ ಮೊದಲಿಗಿಂತ ಹೆಚ್ಚಾಗಿದ್ದರೆ, ಸೂಪರ್‌ಚಾರ್ಜರ್ ಬಿಚ್ಚಿ ಕೆಲಸ ಮಾಡಿ ಗೊತ್ತಿರುವವರ ಹತ್ತಿರ ಎಣ್ಣೆ, ಬೇರಿಂಗ್ ಎರಡನ್ನೂ ತೋರಿಸಿ.